ಓದುವ ಹಂಬಲಕ್ಕೆ ಅಳತೆಗೋಲು ಉಂಟೆ?

ವರ್ಷಕ್ಕೆ ಎರಡು ಮೂರು ಬಾರಿ ನಮ್ಮ ಮನೆಗಳಿಗೆ ಒಂದು ಪತ್ರ ಬರುತ್ತದೆ. ಅದಕ್ಕೆ ಅಂಚೆಚೀಟಿ ಇರುವುದಿಲ್ಲ. ಮಗನ ಅಥವಾ ಮಗಳ ಪುಸ್ತಕದ ಚೀಲದೊಳಗಿಂದಲೇ ಅದು ಹೊರಬೀಳಬೇಕು. ಪ್ರಗತಿಪತ್ರವೆಂಬುದು ಅದರ ಹೆಸರು. ತಂದೆಯ ಕಣ್ಣು ಮೊದಲು ಗಣಿತದ ಅಂಕದ ಮೇಲೆ ಬೀಳುತ್ತದೆ. ಬಳಿಕ ಒಟ್ಟು ಮೊತ್ತದ ಕಡೆಗೆ ಜಾರುತ್ತದೆ. ತಾಯಿಯ ಕಣ್ಣು ಮಾತ್ರ ಕಾಗದದ ತುದಿಗೆ, 'ಷರಾ' ಎಂದು ಅಚ್ಚಾದ ಅಂಕಣಕ್ಕೆ ಇಳಿಯುತ್ತದೆ. ಅಲ್ಲಿ ಕೆಂಪು ಶಾಯಿಯಲ್ಲಿ ಮೂರು ಶಬ್ದಗಳಿರುತ್ತವೆ: 'ಓದಿನಲ್ಲಿ ಆಸಕ್ತಿ ಸಾಲದು.'

ಆ ರಾತ್ರಿ ಮನೆಯಲ್ಲಿ ಊಟ ಸೇರುವುದಿಲ್ಲ. ಅಂಕ ಕಡಿಮೆಯಾಗಿದ್ದರೆ ಮನೆಪಾಠಕ್ಕೆ ಸೇರಿಸಬಹುದು. ಕಣ್ಣು ಮಂಜಾಗಿದ್ದರೆ ಕನ್ನಡಕ ಕೊಡಿಸಬಹುದು. ಆಸಕ್ತಿಯೇ ಇಲ್ಲವೆಂದ ಮೇಲೆ ಯಾವ ಅಂಗಡಿಗೆ ಹೋಗಿ ಏನನ್ನು ತರುವುದು? ಆ ಷರಾ ಮಗುವಿನ ಕೆಲಸದ ಮೇಲಿನ ತೀರ್ಪಾಗಿ ಉಳಿಯದೆ ಅದರ ಸ್ವಭಾವದ ಮೇಲಿನ ತೀರ್ಪಾಗಿಬಿಡುತ್ತದೆ. ಕೆಲವು ಮಕ್ಕಳು ಅದನ್ನು ಜೀವನವಿಡೀ ಹೊರುವುದೂ ಉಂಟು.

ಆದುದರಿಂದ ಕೇಳಬೇಕಾದ ಪ್ರಶ್ನೆ ಇಷ್ಟು: ಆಸಕ್ತಿ ಸಾಲದೆಂದು ಬರೆದವರು ಅದನ್ನು ಯಾವ ಕೊಳಗದಿಂದ ಅಳೆದರು? ಭತ್ತವನ್ನು ಸೇರಿನಲ್ಲಿ ಅಳೆಯುತ್ತೇವೆ. ಬಟ್ಟೆಯನ್ನು ಗಜದಿಂದ ಅಳೆಯುತ್ತೇವೆ. ಓದಬೇಕೆಂಬ ಹಂಬಲವನ್ನು ಅಳೆಯುವ ಸಾಧನ ಯಾವುದು? ಅಂಥದೊಂದು ಉಂಟೆ? ಮನಶ್ಶಾಸ್ತ್ರಜ್ಞರು ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ಅವುಗಳನ್ನು ಪರಿಶೀಲಿಸುವ ಮೊದಲು, ಪಟ್ಟಣದ ನಮ್ಮ ಮನೆಗಳಿಂದ ದೂರದ ಒಂದು ಹಳ್ಳಿಗೆ ಹೋಗಿಬರೋಣ. ಅಳತೆಗೋಲು ಸರಿಯೋ ತಪ್ಪೋ ಎಂಬುದು ಅದನ್ನು ಕಷ್ಟದ ಸ್ಥಳಕ್ಕೆ ಒಯ್ದಾಗಲೇ ಗೊತ್ತಾಗುವುದು.

ಕರಿಕೆಯ ಹುಡುಗಿ

ಕೊಡಗಿನ ಮಡಿಕೇರಿ ತಾಲೂಕಿನಲ್ಲಿ, ಕೇರಳದ ಗಡಿಗೆ ಅಂಟಿಕೊಂಡು ಕರಿಕೆ ಎಂಬ ಊರಿದೆ. ಭಾಗಮಂಡಲದಿಂದ ಹೊರಟ ರಸ್ತೆ ದಟ್ಟವಾದ ಕಾಡಿನ ನಡುವೆ ತಿರುವು ತಿರುವಾಗಿ ಇಳಿದು ಕರಿಕೆಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಕಾಸರಗೋಡು ಜಿಲ್ಲೆಯ ಪಾಣತ್ತೂರಿಗೆ ಹೋಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನು ಸೇರಿದರೆ, ಬೆಟ್ಟದ ಈಚೆ ಮಗ್ಗುಲಿನ ಕರಿಕೆಯ ತೊರೆಗಳು ಪಶ್ಚಿಮದ ಕಡಲಿನ ದಾರಿ ಹಿಡಿಯುತ್ತವೆ. ಕಾಫಿಯ ಕೊಡಗೆಂದು ನಾವು ತಿಳಿದ ನಾಡಿನಲ್ಲಿ ಇಲ್ಲಿ ಅಡಕೆ, ತೆಂಗು, ರಬ್ಬರುಗಳ ತೋಟಗಳು ಕಾಣುತ್ತವೆ. ಮಳೆಗಾಲವೆಂದರೆ ಇಲ್ಲಿ ತಿಂಗಳುಗಟ್ಟಲೆಯ ಮಾತು. ಗುಡ್ಡ ಜರಿದರೆ, ಮರ ಉರುಳಿದರೆ ಭಾಗಮಂಡಲದ ಕಡೆಯ ದಾರಿ ಮುಚ್ಚಿಹೋಗುತ್ತದೆ.

ಭಾಷೆಯ ವಿಷಯದಲ್ಲಿಯೂ ಕರಿಕೆ ಒಂದು ಸಂಗಮವೇ. ಗೌಡರ ಮನೆಗಳಲ್ಲಿ ಅರೆಭಾಷೆ. ಬೇರೆ ಮನೆಗಳಲ್ಲಿ ಮಲೆಯಾಳ. ಶಾಲೆಯಲ್ಲಿ ಪುಸ್ತಕದ ಕನ್ನಡ. ಅರೆಭಾಷೆಗೆಂದೇ ಮಡಿಕೇರಿಯಲ್ಲಿ ಒಂದು ಅಕಾಡೆಮಿ 2011ರಲ್ಲಿ ಸ್ಥಾಪನೆಯಾಯಿತೆಂಬುದನ್ನು ನೆನೆದರೆ, ಅದು ಕನ್ನಡದ ಅಪಭ್ರಂಶವೆಂದು ತಳ್ಳಿಹಾಕುವಂಥದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಎಂಟನೆಯ ತರಗತಿ. ಇವಳು ನಿಜವಾದ ವ್ಯಕ್ತಿಯಲ್ಲ, ನಮ್ಮ ವಿಚಾರಕ್ಕಾಗಿ ಹುಟ್ಟಿದವಳು. ಆಷಾಢದಲ್ಲಿ ಹಳ್ಳ ತುಂಬಿ ಹರಿದಾಗ ವಾರದಲ್ಲಿ ಎರಡು ದಿನ ಶಾಲೆಗೆ ಬರುವುದಿಲ್ಲ. ತರಗತಿಯಲ್ಲಿ ಕೈಯೆತ್ತುವುದಿಲ್ಲ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾಳೆ. ಗೃಹಪಾಠ ಅರ್ಧವಾಗಿರುತ್ತದೆ. ಹಾಜರಿ ಪುಸ್ತಕ, ಗೃಹಪಾಠದ ಪುಸ್ತಕ, ತರಗತಿಯ ನಡವಳಿಕೆ ಈ ಮೂರನ್ನೂ ಕೂಡಿಸಿ ಷರಾ ಬರೆಯುವುದಾದರೆ ಏನು ಬರೆಯಬೇಕೆಂಬುದು ನಿಮಗೆ ಗೊತ್ತೇ ಇದೆ.

ಸಂಜೆ ಅವಳ ಮನೆಗೆ ಹೋಗಿ ನೋಡಿದರೆ? ತಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವನ ಮಗ್ಗಿಯನ್ನು ತಿದ್ದುತ್ತಿದ್ದಾಳೆ. ಅಡಕೆ ಮಾರಿದ ಚೀಟಿಯ ಲೆಕ್ಕದಲ್ಲಿ ತಪ್ಪು ಹಿಡಿದು ತಂದೆಗೆ ತೋರಿಸುತ್ತಾಳೆ. ಸಾಮಾನು ಕಟ್ಟಿ ತಂದ ಪತ್ರಿಕೆಯ ಹಾಳೆಯನ್ನು ಬಿಡಿಸಿ, ಒಲೆಯ ಬೆಳಕಿನಲ್ಲಿ ಕಡೆಯ ಸಾಲಿನವರೆಗೂ ಓದುತ್ತಾಳೆ. ಹಾಜರಿ ಪುಸ್ತಕ ಅಳೆದದ್ದು ಮಳೆಯನ್ನು. ತರಗತಿಯ ಮೌನ ಅಳೆದದ್ದು ಮನೆಮಾತಿಗೂ ಪುಸ್ತಕದ ಮಾತಿಗೂ ಇರುವ ದೂರವನ್ನು. ಅರ್ಧ ಗೃಹಪಾಠ ಅಳೆದದ್ದು ಮನೆಗೆಲಸದ ಹೊರೆಯನ್ನು. ಹಂಬಲವನ್ನು ಅಳೆದ ಸಾಧನ ಇವುಗಳಲ್ಲಿ ಒಂದೂ ಇಲ್ಲ.

ಇದು ಕೇವಲ ಕಲ್ಪನೆಯ ಮಾತೆಂದು ಯಾರೂ ತಿಳಿಯಬಾರದು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮನೆಮಠ ಕಳೆದುಕೊಂಡವರ ಮಕ್ಕಳಿಗೆ ಪರಿಹಾರ ಕೇಂದ್ರವೇ ಮನೆಯಾಯಿತು. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದವು. ಕರ್ನಾಟಕ ಕೇರಳಗಳ ಗಡಿಯ ರಸ್ತೆಗಳಿಗೂ ತಡೆ ಬಿತ್ತು. ಪಾಠ ದೂರವಾಣಿಯ ಪರದೆಗೆ ಏರಿತು. ಸಂಕೇತ ಸಿಗದ ಊರುಗಳಲ್ಲಿ ಮಕ್ಕಳು ಗುಡ್ಡ ಹತ್ತಿದರು. ಮರದ ಮೇಲೆ ಅಟ್ಟಳಿಗೆ ಕಟ್ಟಿಕೊಂಡು ಅಲ್ಲಿಂದ ಪಾಠ ಹೇಳಿದ ಕೊಡಗಿನ ಶಿಕ್ಷಕರೊಬ್ಬರ ಸುದ್ದಿಯೂ ಆಗ ಪತ್ರಿಕೆಗಳಲ್ಲಿ ಬಂತು. ಆ ದಿನಗಳಲ್ಲಿ ಪರದೆಯ ಮೇಲೆ ಮುಖ ಕಾಣಿಸದ ಮಗುವಿಗೆಲ್ಲ ಆಸಕ್ತಿಯಿಲ್ಲವೆಂದು ಬರೆದಿದ್ದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇರುತ್ತಿರಲಿಲ್ಲ.

ಮೊದಲು ಅಳೆದದ್ದು ಬುದ್ಧಿಯನ್ನು

ಮನಸ್ಸನ್ನು ಅಳೆಯುವ ವಿದ್ಯೆ ಹಂಬಲದಿಂದ ಆರಂಭವಾಗಲಿಲ್ಲ, ಬುದ್ಧಿಯಿಂದ ಆರಂಭವಾಯಿತು. ಪ್ಯಾರಿಸಿನ ಆಲ್ಫ್ರೆಡ್ ಬಿನೆ ಎಂಬ ವಿದ್ವಾಂಸ ಸಿಮೋನ್ ಎಂಬ ಸಹಾಯಕನೊಡನೆ 1905ರಲ್ಲಿ ಒಂದು ಪ್ರಶ್ನಮಾಲೆಯನ್ನು ಸಿದ್ಧಪಡಿಸಿದ. ಶಾಲೆಯಲ್ಲಿ ಹಿಂದುಳಿದ ಮಕ್ಕಳಲ್ಲಿ ವಿಶೇಷ ಸಹಾಯ ಯಾರಿಗೆ ಬೇಕೆಂದು ತಿಳಿಯುವುದು ಅವನ ಉದ್ದೇಶವಾಗಿತ್ತು. ಮಗುವನ್ನು ತಳ್ಳಿಹಾಕಲು ಅವನು ಆ ಪ್ರಶ್ನೆಗಳನ್ನು ಹೊಸೆಯಲಿಲ್ಲವೆಂಬುದನ್ನು ನಾವು ನೆನಪಿಡಬೇಕು.

ನಮ್ಮ ನಾಡಿಗೆ ಈ ವಿದ್ಯೆ ಬೇಗನೆ ಬಂತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿಬಂದ ಇವರೇ 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನೂ ಆರಂಭಿಸಿದರು. ಅತ್ತ ಮುಂಬಯಿ ಕರ್ನಾಟಕದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸುವ ದೊಡ್ಡ ಕೆಲಸವನ್ನು ಕೈಗೊಂಡರು. ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವುದನ್ನು ಕುರಿತ ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು.

'ಒಗ್ಗಿಸುವ' ಎಂಬ ಶಬ್ದವನ್ನು ಗಮನಿಸಿರಿ. ಪರದೇಶದ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಅದು ಕನ್ನಡದ ಮಗುವಿನ ಪ್ರಶ್ನೆಯಾಗುವುದಿಲ್ಲ. ಪ್ಯಾರಿಸಿನ ಮಗುವಿಗೆ ಸುಲಭವಾದದ್ದು ಧಾರವಾಡದ ಮಗುವಿಗೆ ಕಠಿಣವಾಗಬಹುದು. ಅಲ್ಲಿ ಏಳು ವರ್ಷದವರು ಬಿಡಿಸುವುದನ್ನು ಇಲ್ಲಿ ಆರು ವರ್ಷದವರೇ ಬಿಡಿಸಬಹುದು. ಆದುದರಿಂದ ಪ್ರಶ್ನೆಗಳನ್ನು ಇಲ್ಲಿಯ ಮಕ್ಕಳ ಮುಂದಿಟ್ಟು, ಯಾವ ವಯಸ್ಸಿನವರು ಯಾವುದನ್ನು ಬಿಡಿಸುತ್ತಾರೆಂದು ಕಂಡುಕೊಂಡು, ಮತ್ತೆ ಕ್ರಮಪಡಿಸಬೇಕಾಗುತ್ತದೆ. ಬುದ್ಧಿಯ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾದರೆ, ಬುದ್ಧಿಗಿಂತ ಸೂಕ್ಷ್ಮವಾದ ಹಂಬಲದ ವಿಷಯದಲ್ಲಿ ಎಷ್ಟು ಬೇಕಾದೀತು!

ಚಿತ್ರ ನೋಡಿ ಕತೆ ಹೇಳು

ಬುದ್ಧಿಯಿದ್ದೂ ಓದದ ಹುಡುಗರು, ಸಾಧಾರಣ ಬುದ್ಧಿಯಿದ್ದೂ ಛಲದಿಂದ ಮೇಲೆ ಬರುವ ಹುಡುಗರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಈ ವ್ಯತ್ಯಾಸಕ್ಕೆ ಕಾರಣವಾದ ಒಳಗಿನ ತಳ್ಳುವಿಕೆಗೆ ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ 'ಅಭಿಪ್ರೇರಣೆ' ಎಂಬ ಹೆಸರಿದೆ. ಅದನ್ನು ನೇರವಾಗಿ ಕೇಳಿದರೆ ಸರಿಯಾದ ಉತ್ತರ ಬಾರದೆಂದು ಅಮೆರಿಕದ ಹೆನ್ರಿ ಮರ್ರೆ ಎಂಬವರು 1930ರ ದಶಕದಲ್ಲಿ ಒಂದು ಉಪಾಯ ಹೂಡಿದರು. ಅರ್ಥ ಸ್ಪಷ್ಟವಿಲ್ಲದ ಒಂದು ಚಿತ್ರವನ್ನು ತೋರಿಸಿ, 'ಇದರಲ್ಲಿ ಏನು ನಡೆಯುತ್ತಿದೆ? ಕತೆ ಹೇಳು' ಎನ್ನುವುದು. ಕತೆಯ ನೆವದಲ್ಲಿ ಮನಸ್ಸು ಹೊರಬೀಳುತ್ತದೆಂಬುದು ಅವರ ನಂಬಿಕೆ.

ಈ ಉಪಾಯವನ್ನು ಹಿಡಿದು ಡೇವಿಡ್ ಮೆಕ್ಲೆಲಂಡ್ ಎಂಬ ಪ್ರಾಧ್ಯಾಪಕರು ತಮ್ಮ ಸಂಗಡಿಗರೊಡನೆ 1953ರಲ್ಲಿ ಸಾಧನೆಯ ಪ್ರೇರಣೆಯ ಮೇಲೆ ಒಂದು ಗ್ರಂಥವನ್ನು ಹೊರತಂದರು. ಹೇಳಿದ ಕತೆಯಲ್ಲಿ 'ಚೆನ್ನಾಗಿ ಮಾಡಬೇಕು' ಎಂಬ ಭಾವ ಎಷ್ಟು ಸಲ ಬಂತೆಂದು ಎಣಿಸಿ ಅಂಕ ಕೊಡುವುದು ಅವರ ಕ್ರಮ. ಅವರ ಪ್ರಯೋಗ ನಮ್ಮ ದೇಶಕ್ಕೂ ಬಂತು. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಈ ವಿಧಾನದಲ್ಲಿ ತರಬೇತಿ ಕೊಡಲಾಯಿತು. ಶಾಲೆಗಳ ಕಡೆಯಿಂದ ನೋಡಿದರೆ, ಪ್ರಯಾಗ ಮೆಹತಾ ಅವರು ಪ್ರೌಢಶಾಲೆಯ ಬಾಲಕರ ಸಾಧನಾಪ್ರೇರಣೆಯನ್ನು ಕುರಿತು ನಡೆಸಿದ ಅಧ್ಯಯನವನ್ನು ಎನ್.ಸಿ.ಇ.ಆರ್.ಟಿ. ಸಂಸ್ಥೆ 1969ರಲ್ಲಿ ಪ್ರಕಟಿಸಿತು.

ಬಾಲಕರ ಪ್ರೇರಣೆ! ಆ ಹೆಸರಿನಲ್ಲಿಯೇ ಕಾಲದ ಒಂದು ಮಿತಿ ಕಾಣುತ್ತದೆ. ನಮ್ಮ ಕರಿಕೆಯ ಹುಡುಗಿಯನ್ನು ಅಳೆಯಲು ಆಗ ಯಾರೂ ಹೊರಟಿರಲಿಲ್ಲ. ಇದಲ್ಲದೆ, ಹೇಳಿದ ಕತೆಗೆ ಅಂಕ ಕೊಡುವವರ ಮನಸ್ಸೂ ಅಂಕದೊಳಗೆ ಸೇರಿಕೊಳ್ಳುವ ಅಪಾಯವಿತ್ತು. ಇಂದು ಹೇಳಿದ ಕತೆಗೂ ಮುಂದಿನ ತಿಂಗಳು ಹೇಳಿದ ಕತೆಗೂ ತಾಳೆಯಾಗದಿರುವುದೂ ಇತ್ತು. ಅಳೆದಷ್ಟು ಸಲವೂ ಬೇರೆ ಬೇರೆ ಉದ್ದ ತೋರಿಸುವ ಗಜಕಡ್ಡಿಯನ್ನು ಯಾವ ಬಟ್ಟೆ ವ್ಯಾಪಾರಿ ಇಟ್ಟುಕೊಂಡಾನು?

ಪ್ರಶ್ನಾವಳಿಯ ಯುಗ

ಆಮೇಲೆ ಬಂದದ್ದು ನೇರವಾದ ಪ್ರಶ್ನಾವಳಿಗಳ ಕಾಲ. ಕೆನಡದ ವಾಲರಾಂಡ್ ಮತ್ತು ಸಂಗಡಿಗರು 1992ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮಾಪನದಲ್ಲಿ 28 ವಾಕ್ಯಗಳಿವೆ. 'ನೀನು ಏಕೆ ಓದಲು ಹೋಗುತ್ತೀಯೆ?' ಎಂಬುದು ಮೂಲಪ್ರಶ್ನೆ. ಹೊಸದನ್ನು ತಿಳಿಯುವ ಸಂತೋಷಕ್ಕಾಗಿ, ಮುಂದೆ ಒಳ್ಳೆಯ ಉದ್ಯೋಗಕ್ಕಾಗಿ, ತಾನೂ ಸಮರ್ಥನೆಂದು ತೋರಿಸುವುದಕ್ಕಾಗಿ, ಏಕೆಂದು ತನಗೇ ತಿಳಿಯದು ಎಂಬಂಥ ಉತ್ತರಗಳು ಅದರಲ್ಲಿವೆ. ಪ್ರತಿಯೊಂದೂ ತನಗೆ ಎಷ್ಟು ಹೊಂದುತ್ತದೆಂದು ವಿದ್ಯಾರ್ಥಿ 1ರಿಂದ 7ರ ವರೆಗೆ ಅಂಕ ಹಾಕಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಪಿಂಟ್ರಿಚ್ ಮತ್ತು ಸಂಗಡಿಗರು 1991ರಲ್ಲಿ ಹೊರತಂದ ಇನ್ನೊಂದು ಪ್ರಶ್ನಾವಳಿಯಲ್ಲಿ 81 ವಾಕ್ಯಗಳಿವೆ.

ಈ ಮಾಪನಗಳ ಒಂದು ಹಿರಿಮೆಯನ್ನು ಒಪ್ಪಲೇಬೇಕು. ಹಂಬಲವೆಂಬುದು 'ಇದೆ' ಅಥವಾ 'ಇಲ್ಲ' ಎಂಬ ಒಂದೇ ವಸ್ತುವಲ್ಲವೆಂದು ಅವು ತೋರಿಸಿಕೊಟ್ಟವು. ಕಲಿಕೆಯ ಸವಿಗಾಗಿ ಓದುವವನೂ ಬೆತ್ತದ ಭಯಕ್ಕಾಗಿ ಓದುವವನೂ ಒಂದೇ ಅಂಕ ಪಡೆಯಬಹುದು. ಬೆತ್ತ ಮಾಯವಾದ ಮರುದಿನ ಇಬ್ಬರ ದಾರಿಯೂ ಬೇರೆಯಾಗುತ್ತದೆ. ಪ್ರಗತಿಪತ್ರದ ಷರಾದಲ್ಲಿ ಈ ಭೇದಕ್ಕೆ ಸ್ಥಳವೇ ಇಲ್ಲ.

ದೋಷಗಳೂ ಉಂಟು. ಮೊದಲನೆಯದು, ಮಕ್ಕಳು ದೊಡ್ಡವರಿಗೆ ಹಿತವಾದದ್ದನ್ನು ಹೇಳುತ್ತಾರೆ. ಮೇಷ್ಟರು ಕೊಟ್ಟ ಕಾಗದದಲ್ಲಿ, ಮೇಷ್ಟರ ಎದುರಿಗೇ ಕುಳಿತು, 'ನನಗೆ ಪಾಠ ಇಷ್ಟವಿಲ್ಲ' ಎಂದು ಬರೆಯುವ ಧೈರ್ಯ ಎಷ್ಟು ಮಕ್ಕಳಿಗೆ ಇದ್ದೀತು?

ಎರಡನೆಯದು, ಪ್ರತಿ ಮಗುವೂ ತನ್ನ ಸುತ್ತಲಿನವರೊಡನೆ ತನ್ನನ್ನು ಹೋಲಿಸಿಕೊಂಡು ಉತ್ತರ ಕೊಡುತ್ತದೆ. ಎಲ್ಲರೂ ನಾಲ್ಕು ಗಂಟೆ ಓದುವ ಮನೆಯಲ್ಲಿ ಎರಡು ಗಂಟೆ ಓದುವವನು 'ನಾನು ಸೋಮಾರಿ' ಎಂದುಕೊಳ್ಳುತ್ತಾನೆ. ಯಾರೂ ಓದದ ಓಣಿಯಲ್ಲಿ ಅರ್ಧ ಗಂಟೆ ಓದುವವನು 'ನಾನು ಶ್ರಮಜೀವಿ' ಎಂದುಕೊಳ್ಳುತ್ತಾನೆ. ಮಕ್ಕಳ ಗಣಿತವನ್ನು ಹಲವು ದೇಶಗಳಲ್ಲಿ ಏಕಕಾಲಕ್ಕೆ ಪರೀಕ್ಷಿಸುವ ಟಿಮ್ಸ್ ಎಂಬ ಸಮೀಕ್ಷೆಯಲ್ಲಿ ಈ ವಿಚಿತ್ರ ಎದ್ದುಕಾಣುತ್ತದೆ. ಜಪಾನ್ ಮತ್ತು ದಕ್ಷಿಣ ಕೊರಿಯದ ಮಕ್ಕಳು ಲೆಕ್ಕದಲ್ಲಿ ಅಗ್ರಪಂಕ್ತಿಯಲ್ಲಿರುತ್ತಾರೆ. ಆದರೆ ಲೆಕ್ಕ ಇಷ್ಟವೇ, ಧೈರ್ಯವಿದೆಯೇ ಎಂದು ಕೇಳಿದರೆ ಅವರ ಉತ್ತರ ಬಹು ಕೆಳಗಿರುತ್ತದೆ. ಕಾಗದದ ಮೇಲಿನ ಆಸಕ್ತಿಯನ್ನೇ ನಂಬಿದ್ದರೆ ಆ ಮಕ್ಕಳನ್ನೆಲ್ಲ ದಡ್ಡರ ಸಾಲಿನಲ್ಲಿ ಕೂರಿಸಬೇಕಾಗುತ್ತಿತ್ತು.

ಮೂರನೆಯದು ಮಾತಿನ ತೊಡಕು. 'ಶಾಲೆಯಲ್ಲಿ ನನಗೆ ಬೇಸರವಾಗುತ್ತದೆ' ಎಂಬ ಒಂದು ವಾಕ್ಯವನ್ನು ತೆಗೆದುಕೊಳ್ಳಿರಿ. ಮೈಸೂರಿನ ಹುಡುಗ ಅದನ್ನು ಹೊತ್ತು ಹೋಗುವುದಿಲ್ಲವೆಂಬ ಅರ್ಥದಲ್ಲಿ ಓದಬಹುದು. ಘಟ್ಟದ ಕೆಳಗಿನ ಮಾತಿನಲ್ಲಿ ಬೇಸರವೆಂದರೆ ದುಃಖ, ಮನಸ್ಸಿಗಾದ ನೋವು. ಒಬ್ಬನಿಗೆ ಪಾಠ ರುಚಿಸಿಲ್ಲ; ಇನ್ನೊಬ್ಬನನ್ನು ಯಾರೋ ನೋಯಿಸಿದ್ದಾರೆ. ಇಬ್ಬರೂ ಒಂದೇ ಮನೆಯಲ್ಲಿ ಗುರುತು ಹಾಕುತ್ತಾರೆ. ಲೆಕ್ಕ ಹಾಕುವವರು ಇಬ್ಬರಿಗೂ ಒಂದೇ ಅಂಕ ಕೊಡುತ್ತಾರೆ. ಕನ್ನಡದೊಳಗೇ ಹೀಗಾದರೆ, ಮನೆಯಲ್ಲಿ ಮಲೆಯಾಳವನ್ನೋ ಅರೆಭಾಷೆಯನ್ನೋ ಆಡುವ ಕರಿಕೆಯ ಹುಡುಗಿ ಆ ವಾಕ್ಯವನ್ನು ಹೇಗೆ ಓದಿಯಾಳೆಂದು ಯಾರು ಬಲ್ಲರು?

ಯಾರೂ ನೋಡದಿರುವಾಗ

ಹಾಗಾದರೆ ಹಂಬಲವನ್ನು ಅಳೆಯುವುದು ಸಾಧ್ಯವೇ ಇಲ್ಲವೆ? ಉಂಟು. ಆ ದಾರಿಯನ್ನು ತೋರಿಸಿದ ಪ್ರಯೋಗ ಬಹು ಸರಳವಾದದ್ದು. ಅಮೆರಿಕದ ಎಡ್ವರ್ಡ್ ಡೆಸಿ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಒಗಟನ್ನು ಕೊಟ್ಟರು. ನಡುವೆ ಏನೋ ನೆವ ಹೇಳಿ ಎಂಟು ನಿಮಿಷ ಕೋಣೆಯಿಂದ ಹೊರಹೋದರು. ಒಳಗೆ ಓದಲು ಪತ್ರಿಕೆಗಳೂ ಇದ್ದವು. ಆ ಎಂಟು ನಿಮಿಷಗಳಲ್ಲಿ ಹುಡುಗ ಒಗಟನ್ನು ಎಷ್ಟು ಹೊತ್ತು ಮುಟ್ಟಿದನೆಂದು ಮರೆಯಿಂದ ನೋಡಿದರು. ಅದೇ ಅಳತೆ! ಯಾರೂ ಹೇಳದಿರುವಾಗ, ಯಾರೂ ನೋಡುತ್ತಿಲ್ಲವೆಂದು ತಿಳಿದಾಗ, ಬೇರೆ ಕೆಲಸವೂ ಕೈಗೆಟಕುವಾಗ ಮನಸ್ಸು ಎತ್ತ ಹೋಗುತ್ತದೆ ಎಂಬುದು.

1971ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ಒಗಟು ಬಿಡಿಸಿದುದಕ್ಕೆ ಒಂದೊಂದು ಡಾಲರು ಪಡೆದವರು, ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮೊದಲಿಗಿಂತ ಕಡಿಮೆ ಮುಟ್ಟಿದರು. ಹಣ ಆಟವನ್ನು ಕೂಲಿಯಾಗಿ ಮಾಡಿತ್ತು.

ಎರಡು ವರ್ಷಗಳ ತರುವಾಯ, 1973ರಲ್ಲಿ, ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದ ಫಲಿತಾಂಶವೊಂದನ್ನು ಪ್ರಕಟಿಸಿದರು. ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ಕೆಂಪು ಪಟ್ಟಿಗಳುಳ್ಳ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ಬಳಿಕ ಆಟದ ಹೊತ್ತಿನಲ್ಲಿ ಬಣ್ಣದ ಲೇಖನಿಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನಕ್ಕೆಂದೇ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಕೊಟ್ಟ ಬಹುಮಾನದಿಂದ ಕೆಡಕಾಗಲಿಲ್ಲ. 'ಬರೆದರೆ ಕೊಡುತ್ತೇನೆ' ಎಂಬ ಕರಾರೇ ಕೆಡಿಸಿದ್ದು.

ಈ ತೀರ್ಮಾನವನ್ನು ಎಲ್ಲ ವಿದ್ವಾಂಸರೂ ಒಡನೆಯೇ ಒಪ್ಪಲಿಲ್ಲ. ವಾದ ವಿವಾದಗಳು ದೀರ್ಘಕಾಲ ನಡೆದವು. ಡೆಸಿ ಮತ್ತು ಸಂಗಡಿಗರು 1999ರಲ್ಲಿ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲೇ ಮಾತು ಕೊಟ್ಟ ವಸ್ತುರೂಪದ ಬಹುಮಾನ ಆಸಕ್ತಿಯನ್ನು ತಗ್ಗಿಸುತ್ತದೆಂದೂ, ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಹೆಚ್ಚೆಂದೂ ಕಂಡುಕೊಂಡರು. ಬಹುಮಾನವೆಲ್ಲ ವಿಷವೆಂದು ಇದರ ಅರ್ಥವಲ್ಲ. ಮೊದಲೇ ಸವಿಯಿಲ್ಲದ ಕೆಲಸದಲ್ಲಿ ಕೆಡಿಸಲು ಏನೂ ಇರುವುದಿಲ್ಲ. ಮಗುವಿಗೆ ಮೊದಲೇ ಪ್ರಿಯವಾದದ್ದಕ್ಕೆ ಬೆಲೆ ಕಟ್ಟಬಾರದೆಂಬುದಷ್ಟೇ ತಾತ್ಪರ್ಯ. 'ತೊಂಬತ್ತು ಬಂದರೆ ಸೈಕಲ್' ಎಂದು ಮಾತು ಕೊಡುವ ತಂದೆಯರು ಇದನ್ನು ಒಂದು ಕ್ಷಣ ಯೋಚಿಸಬೇಕು.

ಲಂಚ ಬೇರೆ, ಸೇತುವೆ ಬೇರೆ

ಸೈಕಲ್ಲಿನ ಮಾತು ಬಂತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲಾಯಿತು. ಅದಕ್ಕೆ ಮೊದಲೇ, 2002ರಲ್ಲಿ, ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಗಿತ್ತು. ಇವೂ ಆಮಿಷಗಳೇ ಅಲ್ಲವೆ ಎಂದು ಕೆಲವರು ಕೇಳಿಯಾರು. ಅಲ್ಲ. ಹೊಟ್ಟೆ ಹಸಿದ ಮಗು ಪಾಠ ಕೇಳದಿದ್ದರೆ ಅದು ಹಂಬಲದ ಕೊರತೆಯಲ್ಲ. ನಾಲ್ಕು ಮೈಲಿ ನಡೆದು ಬಂದ ಮಗು ತೂಕಡಿಸಿದರೆ ಅದು ಸೋಮಾರಿತನವಲ್ಲ. ಇಂಥ ಅಡ್ಡಿಯನ್ನು ತೆಗೆಯುವುದು ಹಳ್ಳಕ್ಕೆ ಸೇತುವೆ ಹಾಕಿದಂತೆ. ಓದಿದ್ದಕ್ಕೆ ಕೂಲಿ ಕೊಟ್ಟಂತಲ್ಲ. ಸೇತುವೆ ಹಾಕಿದ ಮೇಲೂ ದಾಟದವನನ್ನು ಕುರಿತು ಮಾತ್ರ ದಾಟುವ ಮನಸ್ಸಿಲ್ಲವೆಂದು ಹೇಳಬಹುದು. ಸೇತುವೆಯಿಲ್ಲದ ದಡದಲ್ಲಿ ನಿಂತವರ ಮನಸ್ಸನ್ನು ಅಳೆಯುವುದು ನ್ಯಾಯವಲ್ಲ.

ಒಳಗಿನ ಹಂಬಲವನ್ನು ನಂಬಿ ನಡೆದ ಪ್ರಯತ್ನಗಳು ನಮ್ಮಲ್ಲಿ ಇಲ್ಲದಿಲ್ಲ. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಅದಕ್ಕೆ ಮೊದಲು ಶಾಲಾ ತನಿಖಾಧಿಕಾರಿಯೂ ಆಗಿದ್ದರು. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ 'ಫಲಿತಾಂಶಕ್ಕೆ ತಕ್ಕ ಅನುದಾನ'ದ ಪದ್ಧತಿಯ ನೆರಳು ಮದರಾಸು ಪ್ರಾಂತ್ಯದ ಮೇಲೂ ಬಿದ್ದಿತ್ತು. ತನಿಖೆಯೆಂದರೆ ಶಾಲೆಗಳು ನಡುಗುತ್ತಿದ್ದ ಕಾಲವದು. ಅಂಥ ಇಲಾಖೆಯಲ್ಲಿ ದುಡಿದ ಪಂಜೆಯವರು ಕನ್ನಡದ ಮಕ್ಕಳಿಗೆ ಬಿಟ್ಟುಹೋದದ್ದು ಕತೆಗಳನ್ನೂ ಹಾಡುಗಳನ್ನೂ. ಕೊಡಗಿನ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಬಾಲವನದಲ್ಲಿ ಆಟ, ಕುಣಿತ, ಪ್ರಕೃತಿಗಳ ನಡುವೆ ಮಕ್ಕಳಿಗೆ ಕಲಿಸಲು ಹೊರಟರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ'ಯಲ್ಲಿ ಮಗು ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ಎರಡು ವಾರ ಶಾಲೆಗೆ ಬಾರದ ಮಗು ಮರಳಿ ಬಂದಾಗ, ತಾನು ಬಿಟ್ಟ ಮೆಟ್ಟಲಿನಿಂದಲೇ ಮುಂದುವರಿಯಬಹುದು. ಮಳೆಯ ನಾಡಿಗೆ ಇದಕ್ಕಿಂತ ಹಿತವಾದ ವ್ಯವಸ್ಥೆ ಯಾವುದು?

ಮನೆಯಲ್ಲಿಯೇ ಇರುವ ಅಳತೆ

ಪ್ರಶ್ನಾವಳಿಗಳನ್ನು ಬಿಸಾಡಬೇಕೆಂದು ನಾವು ಹೇಳುವುದಿಲ್ಲ. ನೂರಾರು ಮಕ್ಕಳ ಸ್ಥಿತಿಯನ್ನು ಒಟ್ಟಾಗಿ ತಿಳಿಯಲು, ಒಂದು ಹೊಸ ಪದ್ಧತಿಯಿಂದ ಪ್ರಯೋಜನವಾಯಿತೇ ಎಂದು ನೋಡಲು ಅವು ಬೇಕು. ಆದರೆ ಒಂದು ಮಗುವಿನ ಹಣೆಯ ಮೇಲೆ ಮುದ್ರೆಯೊತ್ತಲು ಅವನ್ನು ಬಳಸಬಾರದು. ಆ ಕೆಲಸಕ್ಕೆ ಅವು ಸಾಲವು.

ನಿಮ್ಮ ಮಗುವಿನ ವಿಷಯದಲ್ಲಿ ನಿಮಗಿಂತ ಒಳ್ಳೆಯ ಪ್ರಯೋಗಶಾಲೆ ಯಾರಿಗೂ ಇಲ್ಲ. ಒಂದು ತಿಂಗಳು ಸುಮ್ಮನೆ ಗಮನಿಸಿರಿ, ಗಮನಿಸುತ್ತಿದ್ದೀರೆಂದು ಹೇಳಬೇಡಿರಿ. ಯಾರೂ ಹೇಳದಿರುವಾಗ ಅದು ಯಾವುದನ್ನು ಕೈಗೆತ್ತಿಕೊಳ್ಳುತ್ತದೆ? ಒಂದು ಸಲ ಸೋತ ಮೇಲೆ ಯಾವ ಕೆಲಸಕ್ಕೆ ಮತ್ತೆ ಮರಳುತ್ತದೆ? ಪರೀಕ್ಷೆಗೆ ಬಾರದ ಯಾವ ಪ್ರಶ್ನೆಯನ್ನು ಕೇಳುತ್ತದೆ? ತಾನು ಕಲಿತದ್ದನ್ನು ಯಾರಿಗೆ ಹೇಳಿಕೊಡಲು ಹೋಗುತ್ತದೆ? ಈ ನಾಲ್ಕರಲ್ಲಿ ಒಂದಕ್ಕಾದರೂ ಉತ್ತರ ಸಿಕ್ಕಿದರೆ, ಆಸಕ್ತಿ ಎಲ್ಲಿ ಕೂತಿದೆಯೆಂಬುದು ಗೊತ್ತಾಯಿತು. ಅದನ್ನು ಪಾಠದ ಕಡೆಗೆ ತಿರುಗಿಸುವ ಕೆಲಸ ಮೇಷ್ಟರದು ಮತ್ತು ನಿಮ್ಮದು. ಒಂದಕ್ಕೂ ಉತ್ತರ ಸಿಗದಿದ್ದರೆ ಗದರಿಸುವ ಮೊದಲು ಕೇಳಬೇಕಾದ ಬೇರೆ ಪ್ರಶ್ನೆಗಳಿವೆ: ಕಣ್ಣು ಕಿವಿ ಸರಿಯಾಗಿವೆಯೇ? ನಿದ್ರೆ ಸಾಕಾಗುತ್ತಿದೆಯೇ? ಯಾರಾದರೂ ನೋಯಿಸುತ್ತಿದ್ದಾರೆಯೇ? ಪಾಠದ ಭಾಷೆ ಅರ್ಥವಾಗುತ್ತಿದೆಯೇ?

ಮುಂದಿನ ಸಲ ಶಾಲೆಗೆ ಹೋದಾಗ, ಷರಾ ಬರೆದವರ ಮೇಲೆ ಸಿಟ್ಟಾಗಬೇಡಿರಿ. ನಲವತ್ತು ಐವತ್ತು ಮಕ್ಕಳ ನಡುವೆ ಅವರಿಗೆ ಸಿಕ್ಕಿದ ಬಿಡುವು ಅಷ್ಟೇ. 'ಮೇಷ್ಟ್ರೇ, ಮನೆಯಲ್ಲಿ ಇವಳು ತಮ್ಮನಿಗೆ ಮಗ್ಗಿ ಹೇಳಿಕೊಡುತ್ತಾಳೆ. ತರಗತಿಯಲ್ಲಿಯೂ ಯಾರಿಗಾದರೂ ಹೇಳಿಕೊಡಲು ಬಿಟ್ಟು ನೋಡುತ್ತೀರಾ?' ಎಂದು ವಿನಯದಿಂದ ಕೇಳಿರಿ. ಹತ್ತು ನಿಮಿಷದ ಈ ಮಾತುಕತೆ 28 ವಾಕ್ಯಗಳ ಪ್ರಶ್ನಾವಳಿ ತಿಳಿಸದ ಸಂಗತಿಯನ್ನು ತಿಳಿಸೀತು.

ಕರಿಕೆಯ ಆ ಕಲ್ಪನೆಯ ಹುಡುಗಿಯ ಪ್ರಗತಿಪತ್ರ ಇನ್ನೂ ನಮ್ಮ ಮುಂದೆಯೇ ಇದೆ. ಷರಾದ ಅಂಕಣ ಇನ್ನೂ ಖಾಲಿ. 'ಓದಿನಲ್ಲಿ ಆಸಕ್ತಿ ಸಾಲದು' ಎಂದು ಬರೆದರೆ ಮೂರು ಶಬ್ದಗಳಲ್ಲಿ ಕೆಲಸ ಮುಗಿಯುತ್ತದೆ. ಕಂಡದ್ದನ್ನು ಬರೆಯುವುದಾದರೆ ಇನ್ನಷ್ಟು ಶಾಯಿ ಬೇಕು: 'ಮಳೆಗಾಲದಲ್ಲಿ ಬರಲಾಗಿಲ್ಲ. ಪುಸ್ತಕದ ಮಾತು ಇನ್ನೂ ದೂರವಿದೆ. ಲೆಕ್ಕ ಬಲ್ಲಳು. ಕಿರಿಯರಿಗೆ ಕಲಿಸಬಲ್ಲಳು. ಸಿಕ್ಕಿದ ಕಾಗದವನ್ನೆಲ್ಲ ಓದುತ್ತಾಳೆ.' ಇದನ್ನು ಓದಿದ ತಾಯಿ ಆ ರಾತ್ರಿ ನಿಶ್ಚಿಂತೆಯಿಂದ ಬಡಿಸಿಯಾಳು. ಇದನ್ನು ಓದಿದ ಮುಂದಿನ ತರಗತಿಯ ಮೇಷ್ಟರು ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿದಾರು.